ಬೆರಳಿನಿಂದ ಶುರುವಾದ ಕಂಪ್ಯೂಟರ್

ಕೇರಂ ಆಟದಲ್ಲಿ ನನ್ನನ್ನು ಸೋಲಿಸುವವರು ಶಿಗ್ಗಾಂವದಲ್ಲಿ ಯಾರೂ ಉಳಿದಿರಲಿಲ್ಲ. ಜಂಬದ ಮಾತೆಂದು ತಿಳಿಯಬೇಡಿ. ನನ್ನ ಸ್ಟ್ರೈಕರು ಅರ್ಧ ಬೋರ್ಡು ದಾಟಲು ತಿಣುಕುತ್ತಿದ್ದ ದಿನಗಳಲ್ಲೂ ಗೆಲ್ಲುತ್ತಿದ್ದವನು ನಾನೇ. ಕಾಕಾನ ಮಗ ಚಿಕ್ಕೇರೂರಿನಲ್ಲಿ ಕಣ್ಣು ಮುಚ್ಚಿ ಕೆಂಪು ಕಾಯಿ ಕೆಡವುವ ಗಂಡು. ನನ್ನೆದುರು ಕೂತ ಕೂಡಲೇ ಕೈ ನಡುಗುವ ಮುದುಕನಾಗುತ್ತಿದ್ದ. ಸುಲಭದ ಕಾಯಿ ಬಿಟ್ಟು ಖಾಲಿ ಜಾಗಕ್ಕೆ ಹೊಡೆದು, "ನಿನ್ನ ಮುಂದ ನಮ್ದೇನ್ ನಡೀತೈತಿ ಬಿಡಲೇ" ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಚೌಕಾಬಾರ ಆಡುವಾಗ ನನ್ನ ಕಾಯಿ ಕಡಿಯುವ ಗರ ಬಿದ್ದರೆ ಅವ್ವ ಕವಡೆಗಳನ್ನೇ ಸೆರಗಿನಿಂದ ಸರಿಸಿ, "ಇದು ಲೆಕ್ಕಕ್ಕಿಲ್ಲ, ಜಾರಿ ಬಿತ್ತು" ಎನ್ನುತ್ತಿದ್ದಳು. ಅಪ್ಪ ಧಾನ್ಯದ ಅಡತಿ ಅಂಗಡಿಯವರು. ಪೇಟೆಯಲ್ಲಿ ಯಾರಿಗೂ ಒಂದು ಹಿಡಿ ಕಾಳು ಬಿಟ್ಟುಕೊಡದವರು ನನ್ನ ಹತ್ತಿರ ಮಾತ್ರ ಯಾವ ವಾದದಲ್ಲೂ ಗೆಲ್ಲುತ್ತಿರಲಿಲ್ಲ.

ನನಗಿರುವುದು ಸ್ನಾಯುಗಳು ಸವೆಯುವ ಕಾಯಿಲೆ. ಹೈಸ್ಕೂಲಿನಲ್ಲಿ ಮೆಟ್ಟಿಲು ಹತ್ತಲಾಗದೆ ಬೀಳುವುದರಿಂದ ಶುರುವಾಯಿತು. ಕಾಲೇಜು ಮುಗಿಯುವ ಮೊದಲೇ ಗಾಲಿಕುರ್ಚಿ ಬಂತು. ಆಮೇಲೆ ತೋಳು ಹೋದವು. ಬೆರಳುಗಳನ್ನು ಮಾತ್ರ ಅದು ಕೊನೆಗೆ ಇಟ್ಟುಕೊಂಡಿತ್ತು, ಊಟದಲ್ಲಿ ಹೋಳಿಗೆಯನ್ನು ಕೊನೆಗೆ ಉಳಿಸಿಕೊಳ್ಳುವವರ ಹಾಗೆ. ಜನರ ಕರುಣೆಯ ಬಗ್ಗೆ ನಾನು ಒಳ್ಳೆಯ ಮಾತಾಡುವವನಲ್ಲ. ನನ್ನನ್ನು ಕಂಡ ಕೂಡಲೇ ದನಿ ಇಳಿಸುವವರನ್ನು ನೋಡಿದರೆ ಮೈ ಉರಿಯುತ್ತದೆ. ಯಾರೂ ನನ್ನ ಮುಂದೆ ಜಗಳ ಆಡುವುದಿಲ್ಲ, ನನ್ನನ್ನು ಬೈಯುವುದಿಲ್ಲ, ನನಗೆ ಇಲ್ಲ ಎನ್ನುವುದಿಲ್ಲ. ಹತ್ತಿಯ ಮೂಟೆಯೊಳಗೆ ಕೂತಂತೆ ಆಗಿತ್ತು ನನ್ನ ಬದುಕು.

ಆದ್ದರಿಂದ ನನಗೆ ಬೇಕಾಗಿದ್ದು ಒಂದೇ. ನಾನು ಯಾರೆಂದು ಗೊತ್ತಿಲ್ಲದ ಒಬ್ಬನ ಜೊತೆ ಆಡಬೇಕು. ಅವನು ನನ್ನನ್ನು ಮನಸ್ಸು ಬಿಚ್ಚಿ ಸೋಲಿಸಬೇಕು, ಸೋಲಿಸಿ ಬಾಯಿತುಂಬ ಬೈಯಬೇಕು. ಗೆದ್ದರೆ ಆ ಗೆಲುವು ನಂದೇ ಆಗಬೇಕು. ಅಂಥ ಆಟ ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟಿತ್ತು. ಮೊದಲು ಫೋನಿನಲ್ಲೇ ಆಡುತ್ತಿದ್ದೆ. ಆದರೆ ಫೋನನ್ನು ಎತ್ತಿ ಹಿಡಿಯಬೇಕು, ಎರಡೂ ಹೆಬ್ಬೆರಳು ಗಾಜಿನ ಮೇಲೆ ಓಡಾಡಬೇಕು. ಅದು ನನ್ನಿಂದಾಗದೆ ಹೋಯಿತು. ಕಂಪ್ಯೂಟರಾದರೆ ಹಾಗಲ್ಲ. ಮೌಸು ಮೇಜಿನ ಮೇಲೆ ಇರುತ್ತದೆ, ಅದರ ಮೇಲೆ ಕೈ ಮಲಗಿರುತ್ತದೆ. ಮಣಿಕಟ್ಟು ಒಂದೀಟು ಸರಿದರೆ ಸಾಕು, ತೋರುಬೆರಳು ಒತ್ತಿದರೆ ಸಾಕು. ನನ್ನಲ್ಲಿ ಉಳಿದಿದ್ದೂ ಅಷ್ಟೇ.

ಕಡಿಮೆ ದುಡ್ಡಿನಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸುವುದು ಹೇಗೆ ಎಂದು ಹೇಳಿಕೊಡುವ ವಿಡಿಯೋಗಳನ್ನು ಆ ಚಳಿಗಾಲದಲ್ಲಿ ನೋಡಿದೆ. ಮೊದಲು ಪ್ರೊಸೆಸರು ಆರಿಸಿರಿ, ಆಮೇಲೆ ಅದಕ್ಕೆ ಹೊಂದುವ ಬೋರ್ಡು, ಬೋರ್ಡಿಗೆ ಹೊಂದುವ ರ‍್ಯಾಮ್, ಎಲ್ಲದಕ್ಕೂ ಸಾಕಾಗುವ ಪವರ್ ಸಪ್ಲೈ, ಕೊನೆಗೆ ಉಳಿದ ದುಡ್ಡಿನಲ್ಲಿ ಯಾವುದೋ ಒಂದು ಮೌಸು ಎನ್ನುತ್ತಿದ್ದರು ಎಲ್ಲರೂ. ನಾನು ತಿರುಗಾಮುರುಗಾ ಮಾಡಿದೆ. ಬೆರಳಿನಿಂದ ಶುರು ಮಾಡಿದೆ. ಟಿವಿ ರಿಮೋಟಿನ ಗುಂಡಿ ಆಗಲೇ ನನಗೆ ಬಿರುಸಾಗಿತ್ತು. ಈ ಬೆರಳಿಗೆ ಒಪ್ಪುವ ಮೌಸು ಸಿಗದಿದ್ದರೆ ಮಿಕ್ಕಿದ್ದೆಲ್ಲ ಹೊಂದಿ ಮಾಡುವುದೇನು?

ಸವಣೂರಿನಲ್ಲಿ ಅಪ್ಪನಿಗೆ ಪರಿಚಯದ ಕಂಪ್ಯೂಟರ್ ಅಂಗಡಿ ಇದೆ. ಅಂಗಡಿಯವರನ್ನು ನಾನು ಚಾಚಾ ಎನ್ನುತ್ತೇನೆ. ಅಪ್ಪ ನನ್ನನ್ನು ಗಾಡಿಯಿಂದ ಎತ್ತಿ ಒಳಗೆ ಕೂರಿಸಿದರು. ಇದ್ದ ಮೌಸುಗಳನ್ನೆಲ್ಲ ಚಾಚಾ ಡಬ್ಬಿಯಿಂದ ಬಿಚ್ಚಿ ಒಂದೊಂದಾಗಿ ನನ್ನ ಕೈಕೆಳಗೆ ಇಟ್ಟರು. ನಾನು ಒತ್ತುತ್ತಾ ಹೋದೆ. ಬಣ್ಣದ ದೀಪದ ದೊಡ್ಡ ಮೌಸುಗಳು ಕಲ್ಲಿನಂತಿದ್ದವು. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದಿದ್ದ, ವೈರಿನ, ಸಣ್ಣ ಕಪ್ಪು ಮೌಸು 'ಟಿಕ್' ಎಂದಿತು. ಇನ್ನೊಮ್ಮೆ ಒತ್ತಿದೆ. ಟಿಕ್. ನನಗೆ ನಗು ತಡೆಯಲಾಗಲಿಲ್ಲ.

"ಇದನ್ನ ಯಾರೂ ಕೇಳೂದಿಲ್ಲ ತಮ್ಮಾ, ಭಾಳ ಮೆತ್ತಗ ಐತಿ ಅಂತಾರ," ಎಂದರು ಚಾಚಾ.

"ನನಗ ಮೆತ್ತಗಿದ್ದದ್ದ ಬೇಕು," ಎಂದೆ.

ಮೈಕಿನ ವಿಷಯದಲ್ಲೂ ಹಾಗೆಯೇ ಆಯಿತು. ಎಲ್ಲರೂ ತಲೆಗೆ ಹಾಕುವ ಹೆಡ್‌ಫೋನು ಕೊಳ್ಳುತ್ತಾರೆ. ಅದರ ಭಾರಕ್ಕೆ ನನ್ನ ಕುತ್ತಿಗೆ ವಾಲುತ್ತಿತ್ತು. ಹಾಗಾಗಿ ಮೇಜಿನ ಮೇಲಿಡುವ ಮೈಕು, ಪಕ್ಕಕ್ಕೊಂದು ಸ್ಪೀಕರು ಎಂದು ಗೊತ್ತು ಮಾಡಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಉಳಿದ ಭಾಗಗಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದನ್ನು ಇಲ್ಲಿ ಚೆನ್ನಾಗಿ ಕಲಿತೆ. ಅಗ್ಗವಾಗಿ ಸಿಗುವ ಪ್ರೊಸೆಸರು ಹಳೆಯ ನಮೂನೆಯದು. ಅದರ ಹೊಟ್ಟೆಯ ಕೆಳಗೆ ಕೂದಲಿನಂಥ ಸೂಜಿಗಳಿರುತ್ತವೆ. ಬೋರ್ಡಿನ ನಡುವೆ ಇರುವ ಚೌಕದ ಸಣ್ಣ ಸಣ್ಣ ತೂತುಗಳಲ್ಲಿ ಅವು ಇಳಿಯಬೇಕು. ಆ ನಮೂನೆಯ ಬೋರ್ಡುಗಳು ಈಗ ಕಡಿಮೆಯಾಗುತ್ತಿವೆ. ಹೊಸ ನಮೂನೆಯ ರ‍್ಯಾಮ್ ಅದಕ್ಕೆ ಕೂರುವುದಿಲ್ಲ, ಅದರ ಅಂಚಿನ ಕಚ್ಚು ಬೇರೆ ಕಡೆ ಇರುತ್ತದೆ. ಹಿರೇಕೆರೂರಿನ ಫೋಟೋ ಸ್ಟುಡಿಯೋದವರೊಬ್ಬರು ಮದುವೆ ವಿಡಿಯೋ ಜೋಡಿಸಲು ಇಟ್ಟುಕೊಂಡಿದ್ದ ಗ್ರಾಫಿಕ್ಸ್ ಕಾರ್ಡನ್ನು ಮಾರುತ್ತಿದ್ದರು. ಅದು ಉದ್ದ. ಕಾಕಾನ ಮಗ ಹೋಗಿ ಅದರ ಮೇಲೆ ಗೇಣು ಹಾಕಿ, "ನನ್ನ ಗೇಣೀಲೆ ಒಂದು ಗೇಣು, ಮ್ಯಾಲ ಮೂರು ಬೆಳ್ಳು" ಎಂದು ಫೋನಿನಲ್ಲಿ ಹೇಳಿದ. ಇವನ್ನೆಲ್ಲ ಒಳಗೆ ಕೂರಿಸುವ ಕಂಪ್ಯೂಟರಿನ ಡಬ್ಬಿ ಆರಿಸುವಾಗ ಅವನು ಸವಣೂರಿಗೆ ಬಂದು ಅದೇ ಗೇಣನ್ನು ಒಳಗಿಟ್ಟು ನೋಡಿದ. ಕಂಪನಿಯವರು ಬರೆದ ಅಳತೆಗಿಂತ ಅವನ ಗೇಣೇ ನಮಗೆ ನಂಬಿಕೆಯದಾಗಿತ್ತು.

ಅವ್ವನಿಗೆ ಇದೆಲ್ಲ ಸಂಬಂಧ ಕೂಡಿಸುವ ಹಾಗೆ ಕಂಡಿತು. ಆ ವರ್ಷವಷ್ಟೇ ಅಕ್ಕನ ಮದುವೆಗೆ ಬೆಡಗು, ಅಂದರೆ ಗೋತ್ರ, ಕೇಳಿ ಕೇಳಿ ಸುಸ್ತಾಗಿದ್ದಳು. ಪ್ರೊಸೆಸರಿಗೂ ಬೋರ್ಡಿಗೂ ಒಂದೇ ಬೆಡಗು ಇರಬೇಕವ್ವ, ಇಲ್ಲದಿದ್ದರೆ ಕೂಡುವುದಿಲ್ಲ ಎಂದು ತಿಳಿಸಿ ಹೇಳಿದೆ. ಅವ್ವ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನಿಂತಳು.

"ಒಂದ ಬೆಡಗಂದ್ರ ಅಣ್ಣಾ ತಂಗಿ ಆಗ್ತಾರಲೋ! ಎಂಥಾ ಮದವಿ ಮಾಡಾಕತ್ತೀಯೋ ಯಪ್ಪಾ ನೀ!"

ಬಹಳ ದಿನದ ಮೇಲೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕೆವು. ಆ ಚಳಿಗಾಲ ನನ್ನ ಮಟ್ಟಿಗೆ ಸುಖದ ಕಾಲ. ನಾನು ಆರಿಸುತ್ತಿದ್ದೆ, ಬೇಡ ಎನ್ನುತ್ತಿದ್ದೆ, ಲೆಕ್ಕ ಹಾಕಿ ತಪ್ಪು ಹಿಡಿಯುತ್ತಿದ್ದೆ. ನನ್ನ ಕೆಲಸ ನಾನೇ ಮಾಡುತ್ತಿದ್ದೆ.

ಕೊಳ್ಳುವ ದಿನ ಒಂದು ಸಂಗತಿ ನಡೆಯಿತು. ಚಾಚಾ ಬೆಲೆ ಹೇಳಿದರು. ನಮ್ಮ ಕಡೆ ಮೊದಲ ಬೆಲೆ ಹೇಳುವುದೇ ಇಳಿಸಿ ಕೇಳಲಿ ಎಂದು. ಚಾಚಾ ಸ್ವಲ್ಪ ಏರಿಸಿಯೇ ಹೇಳಿದ್ದರು, ಕಾದು ನಿಂತರು. ಅಪ್ಪ ಒಂದು ಚೀಲ ಜೋಳಕ್ಕೆ ಅರ್ಧ ದಿನ ಚೌಕಾಶಿ ಮಾಡುವ ಮನುಷ್ಯ. ಅಂಥವರು ಕಿಸೆಗೆ ಕೈ ಹಾಕಿ ಇದ್ದಷ್ಟನ್ನು ತೆಗೆದು ಕೌಂಟರಿನ ಮೇಲೆ ಇಟ್ಟುಬಿಟ್ಟರು.

ಚಾಚಾ ಗಾಬರಿಯಾದರು. "ಸಾವ್ಕಾರ್ರ, ಒಂದು ಮಾತು ಕಡಿಮಿ ಕೇಳ್ರಿ. ಹಿಂಗ ಕೊಟ್ರ ನಾ ಹೆಂಗ ತಗೊಳ್ಳಿ?"

"ಇರಲಿ ತಗೋರಿ. ಲಗೂನ ಕೊಡ್ರಿ ಸಾಕು," ಎಂದರು ಅಪ್ಪ. ನನ್ನ ಕಡೆ ನೋಡಲಿಲ್ಲ.

ಅದರ ಹಿಂದಿನ ವಾರ ಹುಬ್ಬಳ್ಳಿಯ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಅಪ್ಪನ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿದ್ದರು. ಏನು ಹೇಳಿದರು ಎಂದು ಕೇಳಿದ್ದಕ್ಕೆ ಅಪ್ಪ "ಟಾನಿಕ್ ಬದಲ್ಸ್ಯಾರ" ಎಂದಿದ್ದರು. ಅವರು ಏನು ಹೇಳಿದ್ದರೆಂದು ಆ ಕೌಂಟರಿನ ಮುಂದೆ ನನಗೆ ತಿಳಿಯಿತು. ಚಾಚಾ ತಾವಾಗಿಯೇ ಒಂದಿಷ್ಟು ನೋಟುಗಳನ್ನು ಅಪ್ಪನ ಕಿಸೆಗೆ ತುರುಕಿ ಕಳಿಸಿದರು.

ಸಾಮಾನು ಮನೆಗೆ ಬಂದಾಗ ಅಮಾವಾಸ್ಯೆ ಹತ್ತಿರವಿತ್ತು. ಅಮಾವಾಸ್ಯೆ ಕಳೆಯುವವರೆಗೆ ಯಾವ ಡಬ್ಬಿಯನ್ನೂ ಬಿಚ್ಚಕೂಡದೆಂದು ಅವ್ವ ಎಲ್ಲವನ್ನೂ ದೇವರ ಕೋಣೆಯಲ್ಲಿಟ್ಟಳು. ನನಗೂ ಅಷ್ಟು ಅವಸರವಿರಲಿಲ್ಲ. ಮೌಸನ್ನು ಮಾತ್ರ ಈಸಿಕೊಂಡು, ಯಾವುದಕ್ಕೂ ಜೋಡಿಸದೆ, ಕುರ್ಚಿಯ ಹಲಗೆಯ ಮೇಲಿಟ್ಟುಕೊಂಡು ಸುಮ್ಮನೆ ಟಿಕ್ ಟಿಕ್ ಮಾಡುತ್ತಿದ್ದೆ.

ಅಮಾವಾಸ್ಯೆ ಕಳೆದ ಸೋಮವಾರ ಅಪ್ಪ ನನ್ನನ್ನು ಮತ್ತೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದರು. ತಿರುಗಿ ಬಂದಾಗ ಅವ್ವ ಹೊಸ್ತಿಲಲ್ಲೇ ನಗುತ್ತಾ ನಿಂತಿದ್ದಳು. ಪೂಜೆ ಮುಗಿದಿತ್ತು. ಮನೆಗೆ ಬಂದ ಗಾಡಿ, ಪಂಪು, ತಕ್ಕಡಿ, ಹೊಲಿಗೆಯಂತ್ರ ಯಾವುದನ್ನೂ ವಿಭೂತಿ ಹಚ್ಚದೆ ಬಳಸಿದ ಮನೆ ನಮ್ಮದಲ್ಲ. ಡಬ್ಬಿಯ ಮೇಲೆ ಹಚ್ಚಿದ್ದಾಳೆ ಎಂದುಕೊಂಡೆ. ಆದರೆ ಅವ್ವ ಡಬ್ಬಿಗಳನ್ನು ಬಿಚ್ಚಿ, ಒಳಗಿನ ಒಂದೊಂದು ಭಾಗವನ್ನೂ ಚಾಪೆಯ ಮೇಲೆ ಸಾಲಾಗಿಟ್ಟು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಮೂರು ಬೆರಳಿನಿಂದ ಎಳೆದಿದ್ದಳು. ಮೇಲೆ ಕುಂಕುಮ, ಒಂದೊಂದು ಸೇವಂತಿಗೆ ಎಸಳು.

"ಆ ದೊಡ್ಡ ಹಲಿಗೀಗೆ ಎಲ್ಲಿ ಹಚ್ಚಬೇಕೋ ತಿಳೀಲಿಲ್ಲ. ನಟ್ಟನಡುವ ಬೆಳ್ಳಗ ಒಂದು ಚೌಕ ಇತ್ತು ನೋಡ, ಹಣಿ ಇದ್ದಂಗ. ಅಲ್ಲೇ ಹಚ್ಚೇನಿ," ಎಂದಳು.

ಆ ಬಿಳಿ ಚೌಕದಲ್ಲೇ ಪ್ರೊಸೆಸರಿನ ಸೂಜಿ ಇಳಿಯುವ ತೂತುಗಳಿರುವುದು. ಬಿಳಿಯ ಮೇಲೆ ಬಿಳಿ. ಭಾನುವಾರ ಜೋಡಿಸಲು ಬಂದ ಕಾಕಾನ ಮಗನಿಗೆ ಹೇಳಿದೆ. ಅವನು ಬಟ್ಟೆಯಿಂದ ಒರೆಸಿ, ಊದಿ, "ಹೋತು ಬಿಡು, ಏನೂ ಕಾಣವಲ್ದು" ಎಂದ. ಒಂದೊಂದೇ ಭಾಗ ಕೂರಿಸಿದ. ಪ್ರೊಸೆಸರು ಕೂತಿತು, ರ‍್ಯಾಮು ಕೂತಿತು, ಉದ್ದದ ಕಾರ್ಡು ಅವನ ಗೇಣಿನ ಲೆಕ್ಕಕ್ಕೆ ಸರಿಯಾಗಿ ಡಬ್ಬಿಯೊಳಗೆ ಹೋಯಿತು. ನಾನು ಆರಿಸಿದ ಒಂದೂ ತಪ್ಪಿರಲಿಲ್ಲ. ಗುಂಡಿ ಒತ್ತಿದ. ಫ್ಯಾನುಗಳು ತಿರುಗಿದವು, ಅವ್ವ ಕೈ ಮುಗಿದಳು. ಪರದೆ ಕಪ್ಪಾಗಿಯೇ ಉಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಚಾಚಾ ಪೇಟೆಯ ಕೆಲಸಕ್ಕೆ ಶಿಗ್ಗಾಂವಕ್ಕೆ ಬಂದವರು ಮನೆಗೇ ಬಂದರು. ಪ್ರೊಸೆಸರು ಎತ್ತಿ ಕೆಳಗಿನ ಚೌಕಕ್ಕೆ ಭೂತಕನ್ನಡಿ ಹಿಡಿದರು. ಬಹಳ ಹೊತ್ತು ನೋಡಿದರು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರು, ಮತ್ತೆ ಜೋಡಿಸಿ ನೋಡಿದರು. ಮತ್ತೂ ಕಪ್ಪು. ಅವ್ವ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ಚಾಚಾ ಭೂತಕನ್ನಡಿಯನ್ನು ಕಿಸೆಗೆ ಹಾಕಿಕೊಂಡರು.

"ಬೋರ್ಡ ಹುಟ್ಟತಾನ ಕೆಟ್ಟಿತ್ತರೀ ಅಕ್ಕಾರ. ಸಾವಿರದಾಗ ಒಂದು ಹಿಂಗ ಬರ್ತೈತಿ. ಯಾರದೂ ತಪ್ಪಿಲ್ಲ."

ಅವ್ವ ನಿಟ್ಟುಸಿರು ಬಿಟ್ಟಳು. "ಪೂಜಾ ಮಾಡಿದ್ದಕ್ಕ ಇಷ್ಟರಾಗ ಮುಗೀತು ನೋಡ್ರಿ. ಇಲ್ಲಂದ್ರ ನನ್ನ ಮಗಗ ಕರೆಂಟ್ ಹೊಡೀತಿತ್ತು."

ಅವಳು ಒಳಗೆ ಹೋದ ಮೇಲೆ ಚಾಚಾ ನನ್ನ ಕಿವಿಯ ಹತ್ತಿರ ಬಗ್ಗಿದರು. "ಬೂದಿ ಒಳಗ ಇಳದು ಗಟ್ಟಿ ಆಗೈತಿ ತಮ್ಮಾ. ಬೋರ್ಡ್ ಸುಟ್ಟೈತಿ. ತಾಯಿಗೆ ಹೇಳಬ್ಯಾಡ, ನನ್ನ ಆಣಿ ಐತಿ."

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಅವ್ವನನ್ನು ಕರೆದು, ನೀನೇ ಮಾಡಿದ್ದು ಎಂದು ಕಿರುಚಬೇಕೆನಿಸಿತು. ಮನೆಯ ಮಂದಿಯೆಲ್ಲ ನನ್ನನ್ನು ಹೂವಿನಂತೆ ಎತ್ತಿಕೊಂಡು ಎತ್ತಿಕೊಂಡೇ ಸಾಯಿಸುತ್ತಿದ್ದೀರಿ ಎನ್ನಬೇಕೆನಿಸಿತು. ಅಷ್ಟರಲ್ಲಿ ಅವ್ವ ಬಂದು, ನನ್ನ ಹಣೆಯ ಮೇಲೆ ಕೈಯಿಟ್ಟು, "ಬ್ಯಾಸರ ಮಾಡ್ಕೋಬ್ಯಾಡ, ಮತ್ತೊಂದು ತರ್ಸೂಣು" ಎಂದಳು. "ಹೂಂ" ಎಂದೆ. ಇಡೀ ಮನೆ ನನಗೆ ಸೋಲುತ್ತಿತ್ತು, ನಾನು ಅವ್ವನಿಗೆ ಸೋತೆ.

ಆ ನಮೂನೆಯ ಬೋರ್ಡು ಕೂಡಲೇ ಸಿಗಲಿಲ್ಲ. ಚಾಚಾ ಹುಬ್ಬಳ್ಳಿಯಲ್ಲಿ ಕೇಳಿದರು, ಬೆಂಗಳೂರಿಗೆ ಹೇಳಿಟ್ಟರು. ಬೇರೆ ನಮೂನೆಯದು ತಂದರೆ ಪ್ರೊಸೆಸರು ಬೇರೆ, ರ‍್ಯಾಮು ಬೇರೆ, ಎಲ್ಲ ಮೊದಲಿನಿಂದ ಆಗಬೇಕು. ಕಾಯುವುದೇ ಸರಿ ಎಂದು ನಾನೇ ಹೇಳಿದೆ. ಬೇಸಿಗೆ ಬಂತು. ಬೆಳಿಗ್ಗೆ ಎದ್ದ ಕೂಡಲೇ ಮೌಸನ್ನು ಕೈಕೆಳಗೆ ಇಡಿಸಿಕೊಂಡು ಒತ್ತಿ ನೋಡುವುದು ನನ್ನ ರೂಢಿಯಾಯಿತು. ಟಿಕ್ ಎಂದರೆ ಆ ದಿನಕ್ಕೆ ಧೈರ್ಯ. ಕೆಲವು ದಿನ ಎರಡು ಸಲ ಒತ್ತಿದ ಮೇಲೆ ಟಿಕ್ ಎನ್ನುತ್ತಿತ್ತು. ರಾತ್ರಿ ಸರಿಯಾಗಿ ಮಲಗಿಲ್ಲ, ಅದಕ್ಕೇ ಎಂದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಒತ್ತಿದೆ, ಶಬ್ದ ಬರಲಿಲ್ಲ. ಮತ್ತೆ ಒತ್ತಿದೆ. ಬೆರಳು ಗುಂಡಿಯ ಮೇಲೆಯೇ ಇತ್ತು, ಬೆಚ್ಚಗೂ ಇತ್ತು, ನೋಡಲು ಎಲ್ಲರ ಬೆರಳಿನ ಹಾಗೆಯೇ ಇತ್ತು. ಮಧ್ಯಾಹ್ನ ಬಿಸಿನೀರಿನಲ್ಲಿ ಅದ್ದಿಸಿಕೊಂಡು ನೋಡಿದೆ. ಮರುದಿನವೂ ನೋಡಿದೆ. ಸವಣೂರಿನ ಅಂಗಡಿಯಲ್ಲಿ ಹುಡುಕಿ ಹುಡುಕಿ ಆರಿಸಿದ, ಎಲ್ಲರೂ ಭಾಳ ಮೆತ್ತಗೆ ಎಂದು ಬಿಟ್ಟುಹೋದ ಆ ಮೌಸು ನನಗೆ ಬಿರುಸಾಗಿತ್ತು. ಗೋಡೆಯ ಕಡೆ ಮುಖ ಮಾಡಿಸಿಕೊಂಡು ಅತ್ತೆ. ಮನೆಯವರು ನನಗೆ ಕಣ್ಣುಬೇನೆ ಎಂದು ಹನಿ ಹಾಕಿದರು, ನಾನು ಹಾಕಿಸಿಕೊಂಡೆ.

ಮಳೆ ಹಿಡಿದಾಗ ಬೋರ್ಡು ಬಂತು. ಕಾಕಾನ ಮಗ ಜೋಡಿಸಿದ, ಪರದೆ ಬೆಳಗಿತು. ನನ್ನ ಬೆರಳಿನ ವಿಷಯ ಅವನಿಗೊಬ್ಬನಿಗೆ ಹೇಳಿದೆ. ಅವನು ಆಟದಲ್ಲಿ ಗುಂಡು ಹಾರಿಸುವ ಕೆಲಸವನ್ನು ಮೌಸಿನಿಂದ ತೆಗೆದು ಕೀಬೋರ್ಡಿನ ಉದ್ದ ಕೀಲಿಗೆ ಕೊಟ್ಟ. ಎಡಗೈಯನ್ನು ಕೀಲಿಗಳ ಮೇಲೆ ಇಟ್ಟರೆ ಹೆಬ್ಬೆರಳು ತನ್ನ ಭಾರಕ್ಕೇ ಅದರ ಮೇಲೆ ಬೀಳುತ್ತಿತ್ತು. ನಿಧಾನ, ಆದರೆ ಆಗುತ್ತಿತ್ತು.

ಇಬ್ಬರೇ ಎದುರುಬದುರು ನಿಂತು ಆಡುವ ಬಂದೂಕಿನ ಆಟ. ಕೆಲವು ದಿನ ಯಾರ ಯಾರದೋ ಕೈಯಲ್ಲಿ, ಯಾವ ಯಾವುದೋ ಭಾಷೆಯ ಬೈಗುಳ ಕೇಳುತ್ತಾ ಸತ್ತೆ. ಒಂದು ಮಧ್ಯಾಹ್ನ ಸ್ಪೀಕರಿನಿಂದ ನಮ್ಮ ಮಾತೇ ಕೇಳಿಸಿತು.

"ಲೇ ಮಂಗ್ಯಾ, ನಿಂತಲ್ಲೇ ನಿದ್ದಿ ಹೊಡಿಯಾಕತ್ತಿಯೇನಲೇ?"

"ಯಾವೂರಲೇ ನಿಂದು?" ಎಂದೆ.

"ಹಾನಗಲ್ಲ. ಆಡಾಕ ಬರಂಗಿಲ್ಲಂದ್ರ ಹೋಗಿ ಎಮ್ಮಿ ಕಾಯಿ ಹೋಗ್."

ಎಂಥ ಸುಖವಾಯಿತು! ಅವನು ಯಾರೋ ಏನೋ, ಮುಖ ಕಂಡವನಲ್ಲ. ಅವತ್ತಿನಿಂದ ದಿನಾ ಮಧ್ಯಾಹ್ನ ನನ್ನನ್ನು ಹುಡುಕಿಕೊಂಡು ಬಂದು ಹೊಡೆಯತೊಡಗಿದ. ಹಿಂದಿನಿಂದ ಹೊಡೆಯುತ್ತಿದ್ದ, ಮೋಸ ಮಾಡುತ್ತಿದ್ದ, ಸತ್ತ ಮೇಲೂ ಇನ್ನೆರಡು ಗುಂಡು ಹಾರಿಸಿ ನಗುತ್ತಿದ್ದ. ನಾನೂ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಒಮ್ಮೆ, ಒಂದೇ ಒಂದು ಸಲ, ಅವನು ಗೋಡೆ ದಾಟುವುದನ್ನೇ ಕಾದು ಹೊಡೆದೆ. ಅವನಿಗೆ ಬಂದ ಸಿಟ್ಟು ನೋಡಬೇಕಿತ್ತು. "ಲಕ್ ಹೊಡದೈತಲೇ ನಿಂಗ, ಮತ್ತ ಬಾ" ಎಂದು ಕೂಗಾಡಿದ. ಅವತ್ತು ನಾನು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಅವ್ವ ಅದೇ ಕೋಣೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಬೈಸಿಕೊಳ್ಳುವುದನ್ನು ಅವಳು ಎಷ್ಟು ದಿನ ತಡೆದುಕೊಂಡಿದ್ದಳೋ. ಒಂದು ದಿನ ಹೆಬ್ಬೆರಳು ಕೂಡ ಸರಿಯಾಗಿ ಮಾತು ಕೇಳುತ್ತಿರಲಿಲ್ಲ. ಒಂದರ ಹಿಂದೆ ಒಂದು ಸೋತೆ.

"ಕೈ ಸತ್ತಾವೇನಲೇ ನಿನ್ನವು?" ಎಂದ ಹಾನಗಲ್ಲಿನವನು.

ನಾನು ನಗುತ್ತಿದ್ದೆ. ಅವ್ವ ಬುಟ್ಟಿ ಬಿಟ್ಟು ಎದ್ದು ಬಂದು, ಮೇಜಿನ ಮೇಲಿನ ಮೈಕಿಗೆ ಬಾಯಿ ಹಚ್ಚಿದಳು.

"ತಮ್ಮಾ, ಹಂಗ ಅನಬ್ಯಾಡೋ ಯಪ್ಪಾ. ಖರೇನ ಅವನ ಕೈ ಬರೂದಿಲ್ಲ. ಕಾಲೂ ಇಲ್ಲ. ಎಬ್ಬಿಸಿ ಕುಂದರ್ಸೇವಿ. ಡಾಕ್ಟರು ಕೈ ಬಿಟ್ಟಾರ, ಇನ್ನ ಎಷ್ಟು ದಿನಾನೋ ಏನೋ. ನಿನ್ನ ಕಾಲಿಗೆ ಬೀಳ್ತೇನಿ, ಒಂದಾಟ ಅವನ್ನ ಗೆಲ್ಸಪಾ."

ಡಾಕ್ಟರ ಮಾತನ್ನು ಮನೆಯಲ್ಲಿ ಯಾರೂ ನನ್ನೆದುರು ಆಡಿರಲಿಲ್ಲ. ಮೊದಲ ಸಲ ಕೇಳಿದ್ದು ಹೀಗೆ, ಹಾನಗಲ್ಲಿನವನ ಜೊತೆಗೆ. ಅವನು ಆಟ ಬಿಟ್ಟು ಹೋಗಲಿ ಎಂದು ಬೇಡಿಕೊಂಡೆ. ಇಲ್ಲವೇ ಸುಳ್ಳು ಎಂದು ಬೈದು ಹೊಡೆಯಲಿ.

ಪರದೆಯ ಮೇಲೆ ಗೋಡೆಯ ಮರೆಯಿಂದ ಅವನು ಈಚೆ ಬಂದ. ನಡೆಯುತ್ತಾ ಬಂದು ನನ್ನ ನೇರಕ್ಕೆ ನಿಂತ. ಬಂದೂಕು ಕೆಳಗಿಟ್ಟ.

"ಹೊಡೀರಿ ಅಣ್ಣಾರ," ಎಂದ ಮೆಲ್ಲಗೆ. "ನಾ ಇಲ್ಲೇ ನಿಂತೇನಿ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಹೆಗಲ ಮೇಲೆ ಕೈಯಿಟ್ಟಳು. "ನೋಡ, ಎಷ್ಟ ಚೊಲೋ ಹುಡುಗ. ಹೊಡಿಯಪ್ಪಾ."

ಅವಳ ಕೈ ಹೆಗಲ ಮೇಲೆಯೇ ಇತ್ತು. ಹೆಬ್ಬೆರಳನ್ನು ಕೀಲಿಯ ಮೇಲೆ ಬಿಟ್ಟೆ. ಅವನು ಬಿದ್ದ. ನಾನು ಗೆದ್ದೆನೆಂದು ಪರದೆ ಹೇಳಿತು. ಅವ್ವ ನಕ್ಕು, ತಿರುಗಿ ಬೆಳ್ಳುಳ್ಳಿಯ ಮುಂದೆ ಕೂತಳು.